ಧ್ವನಿಸುರುಳಿ ಉಳಿಸಿದ ಜರ್ಮನ್ ಸಂಗೀತ

ನಿನ್ನೆ ರಾತ್ರಿ ನೀವು ಬಾನುಲಿಯಲ್ಲಿ ಕೇಳಿದ ಕಛೇರಿ ಇಂದು ಎಲ್ಲಿದೆ? ಮಂಗಳ ಹಾಡಿಯಾಯಿತು, ನಿಲಯದವರು ಕಲಾವಿದರ ಹೆಸರು ಹೇಳಿ ಮುಗಿಸಿದರು, ನೀವು ಗುಂಡಿ ತಿರುಗಿಸಿ ಮಲಗಲು ಹೋದಿರಿ. ನಾದ ಗಾಳಿಯಲ್ಲಿ ಕರಗಿತು. ಆದರೆ ಅದನ್ನು ಯಾರಾದರೂ ಧ್ವನಿಸುರುಳಿಯಲ್ಲಿ ಹಿಡಿದು, ಹೆಸರು ತಾರೀಖು ಬರೆದು, ಕಪಾಟಿನಲ್ಲಿ ಇಟ್ಟಿದ್ದರೆ ಅದು ಇನ್ನೂ ಉಳಿದಿದೆ. ಹೀಗೆ ಇಟ್ಟದ್ದರಿಂದ ಒಂದು ದೇಶದ, ಒಂದು ಕಾಲದ ಸಂಗೀತ ಹೇಗೆ ಮರಳಿ ದೊರೆಯಿತೆಂಬುದನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ದೇಶ ಜರ್ಮನಿ, ಕಾಲ ೧೯೭೦ರ ದಶಕ. ಈ ಕಥೆಯ ಒಂದು ಎಳೆ ನಮ್ಮ ಬೆಂಗಳೂರಿಗೂ ಬಂದು ಸೇರುತ್ತದೆ.

ರಾಕ್ ಎಂದೊಡನೆ ಕಿವಿ ಮುಚ್ಚಿಕೊಳ್ಳುವ ಹಿರಿಯರು ಮನೆಮನೆಯಲ್ಲೂ ಇರುತ್ತಾರೆ. ಅವರೂ ಸ್ವಲ್ಪ ತಾಳ್ಮೆ ವಹಿಸಬೇಕೆಂದು ನನ್ನ ಬಿನ್ನಹ. ಮೂರು ನಿಮಿಷದ ಹಾಡು, ನಾಲ್ಕು ಎಣಿಕೆಯ ನಡೆ, ವಿದ್ಯುತ್ ಗಿಟಾರು, ಡ್ರಮ್ಮು: ಇದು ರಾಕ್ ಸಂಗೀತದ ಸಾಮಾನ್ಯ ರೂಪ. ಅಮೆರಿಕದಲ್ಲಿ ಆಫ್ರಿಕನ್ ಮೂಲದ ಜನರ ನಡುವೆ ಹುಟ್ಟಿದ ಜಾಜ್‌ನ ರೀತಿ ಬೇರೆ. ಅಲ್ಲಿ ವಾದಕನು ಒಂದು ಮಟ್ಟನ್ನು ಹಿಡಿದು ತನ್ನ ಮನೋಧರ್ಮಕ್ಕೆ ತಕ್ಕಂತೆ ಬೆಳೆಸುತ್ತಾ ಹೋಗುತ್ತಾನೆ. ನಮ್ಮ ವಿದ್ವಾಂಸರು ಸಾಹಿತ್ಯದ ಒಂದು ಸಾಲಿಗೆ ನೆರವಲು ಮಾಡುವುದನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ೧೯೭೦ರ ಸುಮಾರಿಗೆ ಈ ಎರಡು ಹೊಳೆಗಳೂ ಕೂಡಿದವು. ಲಾಂಗ್ ಪ್ಲೇ ತಟ್ಟೆಯ ಒಂದು ಮುಖ ಇಪ್ಪತ್ತು ನಿಮಿಷಕ್ಕೆ ಸಾಲುತ್ತದೆ. ಆ ಇಪ್ಪತ್ತು ನಿಮಿಷವನ್ನೂ ಒಂದೇ ಕೃತಿಗೆ ಕೊಡುವ ಧೈರ್ಯ ವಾದಕರಿಗೆ ಬಂತು. ಐದು, ಏಳು ಎಣಿಕೆಯ ನಡೆಗಳು ಬಂದವು. ಕೊಳಲು, ಸ್ಯಾಕ್ಸೊಫೋನು, ಆರ್ಗನ್ನು ಗಿಟಾರಿನ ಸಮಕ್ಕೆ ನಿಂತವು. ಇವನ್ನು ಪ್ರೋಗ್ರೆಸಿವ್ ರಾಕ್, ಜಾಜ್ ರಾಕ್ ಎಂದು ಕರೆದರು.

ಜರ್ಮನಿಯಲ್ಲಿ ಈ ಬೆಳೆ ಹುಲುಸಾಗಿ ಬರಲು ಕಾರಣವಿತ್ತು. ೧೯೪೫ರಲ್ಲಿ ಯುದ್ಧ ಮುಗಿದಾಗ ಕೂಸುಗಳಾಗಿದ್ದವರು, ಅದಾದ ಮೇಲೆ ಹುಟ್ಟಿದವರು, ೧೯೬೮ರ ಹೊತ್ತಿಗೆ ಪ್ರಾಯಕ್ಕೆ ಬಂದಿದ್ದರು. ಹಿಂದಿನವರ ಕವಾಯತಿನ ಹಾಡುಗಳು ಅವರಿಗೆ ಬೇಕಿರಲಿಲ್ಲ. ಇಂಗ್ಲೆಂಡ್, ಅಮೆರಿಕಗಳ ಹಾಡುಗಳನ್ನು ಗಿಳಿಪಾಠ ಒಪ್ಪಿಸುವುದರಲ್ಲೂ ಹಲವರಿಗೆ ತೃಪ್ತಿಯಿರಲಿಲ್ಲ. ಹೊಸದನ್ನು ಹುಡುಕುವ ವಾತಾವರಣಕ್ಕೆ ಬಾನುಲಿಯ ನೆರವೂ ಇತ್ತು. ಕಲೋನ್ ನಗರದ ಬಾನುಲಿ ನಿಲಯ ೧೯೫೦ರ ದಶಕದ ಮೊದಲಲ್ಲೇ ವಿದ್ಯುನ್ಮಾನ ಸಂಗೀತಕ್ಕೆಂದು ಪ್ರತ್ಯೇಕ ಸ್ಟುಡಿಯೋ ಕಟ್ಟಿತ್ತು. ಅಲ್ಲಿ ಕೆಲಸ ಮಾಡಿದ ಕಾರ್ಲ್‌ಹೈನ್ಸ್ ಸ್ಟಾಕ್‌ಹೌಸನ್ನರ ಬಳಿ ಕಲಿತ ಇರ್ಮಿನ್ ಶ್ಮಿಟ್ ಮತ್ತು ಹೋಲ್ಗರ್ ಚುಕಾಯ್, ಇತರರೊಡನೆ ಸೇರಿ ೧೯೬೮ರಲ್ಲಿ 'ಕ್ಯಾನ್' ಎಂಬ ಮೇಳ ಕಟ್ಟಿದರು. ಶಾರ್ಟ್‌ವೇವ್ ಕೇಳಿದವರಿಗೆ ಮುಳ್ಳು ತಿರುಗಿಸುವಾಗ ಬರುವ ಸಿಳ್ಳು, ಗೊರಗೊರ ಸದ್ದು ನೆನಪಿರಬೇಕು. ಚುಕಾಯ್ ಮುಂದೆ ಆ ರೇಡಿಯೋವನ್ನೇ ಒಂದು ವಾದ್ಯವಾಗಿ ಬಳಸಿದರು.

'ಕ್ಯಾನ್' ಮೇಳಕ್ಕೆ ಹೆಸರು ಬಂತು. ಹೆಸರು ಬಾರದವರೇ ಹೆಚ್ಚು. ಮ್ಯೂನಿಕ್ ನಗರದ 'ಔಟ್ ಆಫ್ ಫೋಕಸ್' ಮೇಳವನ್ನು ನೋಡಿ. ಇವರು ೧೯೭೨ರಲ್ಲಿ ಒಂದು ಜೋಡಿತಟ್ಟೆ ಹೊರತಂದರು. ಅದರ ಎರಡನೆಯ ತಟ್ಟೆಯನ್ನು ಒಂದೇ ದೀರ್ಘ ಕೃತಿಗೆ ಮೀಸಲಿಟ್ಟರು. ೧೯೭೪ರಲ್ಲಿ ಇನ್ನಷ್ಟು ಸಂಗೀತ ಮುದ್ರಿಸಿದರು. ಆದರೆ ಅದು ತಟ್ಟೆಯಾಗಿ ಬೆಳಕು ಕಾಣಲು ಕಾಲು ಶತಮಾನವೇ ಹಿಡಿಯಿತು. ಕ್ರೇಫೆಲ್ಡ್ ಊರಿನ 'ಕೊಲೆಕ್ಟಿವ್' ಮೇಳದಿಂದ ೧೯೭೩ರಲ್ಲಿ ಒಂದು ತಟ್ಟೆ ಬಂತು. ಅದರಲ್ಲಿ ಕೊಳಲಿನದೇ ಮುಖ್ಯ ಪಾತ್ರ.

ಇವರು ಮರೆವಿಗೆ ಸಂದದ್ದೇಕೆ? ಹೊರತಂದ ಸಂಸ್ಥೆಗಳು ಬಹುಮಟ್ಟಿಗೆ ಚಿಕ್ಕವು. ಅಚ್ಚಾದ ತಟ್ಟೆಗಳೂ ಕಡಿಮೆ. ಇಂಗ್ಲೆಂಡಿನ ಪತ್ರಿಕೆಗಳು ಜರ್ಮನರ ಹುಳಿ ಕೋಸಿನ ಹೆಸರು ಸೇರಿಸಿ ಈ ಸಂಗೀತವನ್ನು 'ಕ್ರೌಟ್‌ರಾಕ್' ಎಂದು ಹಾಸ್ಯಮಾಡಿದವು. ಸ್ವದೇಶದಲ್ಲೂ ಹಿತ್ತಲ ಗಿಡ ಮದ್ದಲ್ಲವೆಂಬ ಭಾವನೆಯಿತ್ತು. ಆ ದಶಕ ಮುಗಿಯುವಷ್ಟರಲ್ಲಿ ತರುಣರ ಅಭಿರುಚಿ ಬದಲಾಯಿತು. ಮಾರಾಟವಾಗದ ತಟ್ಟೆಯನ್ನು ಮತ್ತೆ ಅಚ್ಚು ಹಾಕುವವರು ಯಾರು?

ಇಲ್ಲಿ ಮತ್ತೆ ಬಾನುಲಿ ಬರುತ್ತದೆ. ಜರ್ಮನಿಯಲ್ಲಿ ಸಾರ್ವಜನಿಕ ಬಾನುಲಿ ಒಂದೇ ಕೇಂದ್ರದ ಕೈಯಲ್ಲಿಲ್ಲ. ಪ್ರಾಂತಗಳಿಗೆ ತಕ್ಕಂತೆ ಬೇರೆ ಬೇರೆ ಸಂಸ್ಥೆಗಳಿವೆ. ಬಾಡೆನ್‌ಬಾಡೆನ್ ಊರಿನ ನೈರುತ್ಯ ಬಾನುಲಿಯವರು, ಬ್ರೆಮೆನ್ ಬಾನುಲಿಯವರು ಇಂಥ ಮೇಳಗಳನ್ನು ಕರೆಸಿ ನುಡಿಸಿ ಮುದ್ರಿಸಿಕೊಂಡರು. ಒಳ್ಳೆಯ ಮೈಕು, ನುರಿತ ತಂತ್ರಜ್ಞರು. ತಟ್ಟೆ ಮಾರಬೇಕೆಂಬ ಆತುರವಿಲ್ಲ. ಪ್ರಸಾರವಾದ ಮೇಲೂ ಸುರುಳಿಗಳು ಉಳಿದವು. ೧೯೯೮ರಲ್ಲಿ ನೈರುತ್ಯ ಬಾನುಲಿ ನೆರೆಯ ಇನ್ನೊಂದು ಸಂಸ್ಥೆಯೊಡನೆ ಸೇರಿಹೋಯಿತು. ಅವರ ಸುರುಳಿಗಳು ಮಾತ್ರ ಅಳಿಯಲಿಲ್ಲ.

೧೯೯೦ರ ದಶಕದಲ್ಲಿ ಹುಡುಕಾಟ ಬಿರುಸಾಯಿತು. ೧೯೯೫ರಲ್ಲಿ ಇಂಗ್ಲೆಂಡಿನ ಸಂಗೀತಗಾರ ಜೂಲಿಯನ್ ಕೋಪ್ ಈ ಸಂಗೀತವನ್ನು ಮೆಚ್ಚಿ ಒಂದು ಪುಸ್ತಕ ಬರೆದರು. ಮರುವರ್ಷ ಫ್ರೀಮನ್ ಸೋದರರು ಮೇಳಗಳ ವಿವರವಾದ ಕೋಶವನ್ನೇ ಪ್ರಕಟಿಸಿದರು. ಹಾಸ್ಯಕ್ಕೆ ಇಟ್ಟ ಹೆಸರು ಗೌರವದ ಹೆಸರಾಯಿತು. ಜರ್ಮನಿಯಲ್ಲೇ 'ಗಾರ್ಡನ್ ಆಫ್ ಡಿಲೈಟ್ಸ್', 'ಲಾಂಗ್ ಹೇರ್' ಮೊದಲಾದ ಚಿಕ್ಕ ಪ್ರಕಾಶಕರು ಹಳೆಯ ವಾದಕರನ್ನು ಪತ್ತೆಮಾಡಿ, ಮೂಲ ಸುರುಳಿಗಳಿಂದ ಸಿ.ಡಿ.ಗಳನ್ನು ಹೊರತಂದರು. 'ಕೊಲೆಕ್ಟಿವ್' ೧೯೭೩ರಲ್ಲಿ, 'ಮಿಸಸ್ ಬೀಸ್ಟ್ಲಿ' ಎಂಬ ಮೇಳ ೧೯೭೪ರಲ್ಲಿ, ನೈರುತ್ಯ ಬಾನುಲಿಯಲ್ಲಿ ನುಡಿಸಿದ್ದು ಹೀಗೆ ಮತ್ತೆ ಕೇಳುಗರ ಕೈಸೇರಿತು. ಹಳೆಯ ತಟ್ಟೆಯಿಂದಲೇ ನಕಲೆತ್ತಿ, ವಾದಕರಿಗೆ ಕಾಸೂ ಕೊಡದೆ ಮಾರುವ ಕಳ್ಳಮುದ್ರಣಗಳೂ ಬಂದವೆನ್ನಿ. ಮೂಲ ಸುರುಳಿಗೂ ತಟ್ಟೆಯ ನಕಲಿಗೂ ಇರುವ ವ್ಯತ್ಯಾಸ ಕಿವಿಗೆ ತಿಳಿಯುತ್ತದೆ: ನಕಲಿನಲ್ಲಿ ಮುಳ್ಳಿನ ಕರಕರ ಸದ್ದೂ ಕೂಡಿಬರುತ್ತದೆ.

ಇನ್ನು ಬೆಂಗಳೂರಿನ ಎಳೆ. ಕ್ರಿಸ್ಟಿಯಾನ್ ಬುರ್ಖಾರ್ಡ್ ೧೯೪೬ರಲ್ಲಿ ಹುಟ್ಟಿದವರು. ಡ್ರಮ್ಮು, ವೈಬ್ರಾಫೋನು ಅವರ ವಾದ್ಯಗಳು. ೧೯೬೯ರಲ್ಲಿ ಅವರು ಮ್ಯೂನಿಕ್‌ನಲ್ಲಿ 'ಎಂಬ್ರಿಯೋ' ಮೇಳ ಕಟ್ಟಿದರು. ೧೯೭೩ರ ಅವರ 'ವಿ ಕೀಪ್ ಆನ್' ತಟ್ಟೆಯಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೋ ನುಡಿಸಿದ್ದಾರೆ. ಮಾರಿಯಾನೋ ನಮ್ಮ ನಾಗಸ್ವರವನ್ನು ಶ್ರದ್ಧೆಯಿಂದ ಕಲಿತವರೆಂದರೆ ನಿಮಗೆ ಆಶ್ಚರ್ಯವಾದೀತು. ೧೯೭೮ರಲ್ಲಿ 'ಎಂಬ್ರಿಯೋ' ಮೇಳದವರು ವಾದ್ಯಗಳನ್ನು ಬಸ್ಸಿಗೆ ಹೇರಿಕೊಂಡು, ಇರಾನ್, ಅಫಘಾನಿಸ್ತಾನ, ಪಾಕಿಸ್ತಾನಗಳನ್ನು ಹಾದು ನೆಲದ ದಾರಿಯಲ್ಲೇ ಭಾರತಕ್ಕೆ ಬಂದರು. ದಾರಿಯುದ್ದಕ್ಕೂ ಆಯಾ ಊರಿನ ಕಲಾವಿದರೊಡನೆ ಕುಳಿತು ನುಡಿಸಿದರು. ಈ ಯಾತ್ರೆಯ ಚಲನಚಿತ್ರವೂ ಇದೆ, 'ಎಂಬ್ರಿಯೋಸ್ ರೈಸೆ' ಎಂಬ ಜೋಡಿತಟ್ಟೆಯೂ ಇದೆ.

ಬೆಂಗಳೂರಿನಲ್ಲಿ ಮೃದಂಗ ವಿದ್ವಾನ್ ಟಿ. ಎ. ಎಸ್. ಮಣಿಯವರು ೧೯೬೪ರಲ್ಲಿ ಸ್ಥಾಪಿಸಿದ ಕರ್ನಾಟಕ ತಾಳವಾದ್ಯ ಕಾಲೇಜು ಇತ್ತು. ಅವರ ಪತ್ನಿ, ಗಾಯಕಿ ಆರ್. ಎ. ರಮಾಮಣಿಯವರು ಅದರ ಮೇಳದ ಕಂಠ. ಈ ಮೇಳವೂ 'ಎಂಬ್ರಿಯೋ'ವೂ ಮಾರಿಯಾನೋ ಅವರೂ ಕೂಡಿ ೧೯೮೦ರಲ್ಲಿ 'ಲೈಫ್' ಎಂಬ ತಟ್ಟೆ ತಂದರು. 'ಎಂಬ್ರಿಯೋ'ದಿಂದ ಹೊರಬಂದವರು ಕಟ್ಟಿದ 'ಡಿಸಿಡೆಂಟನ್' ಮೇಳ ೧೯೮೨ರಲ್ಲಿ ಬೆಂಗಳೂರಿನ ಇದೇ ಮೇಳದೊಡನೆ 'ಜರ್ಮನಿಸ್ತಾನ್' ಮುದ್ರಿಸಿತು. ೧೯೮೩ರಲ್ಲಿ ಮಾರಿಯಾನೋ ಅವರೊಡನೆ 'ಜ್ಯೋತಿ' ಎಂಬ ತಟ್ಟೆ ಮ್ಯೂನಿಕ್‌ನ ಇ.ಸಿ.ಎಂ. ಸಂಸ್ಥೆಯಿಂದ ಬಂತು. ಅಲ್ಲಿ ರಾಕ್ ಇಲ್ಲ. ಸ್ಯಾಕ್ಸೊಫೋನು, ಕೊಳಲಿನೊಡನೆ ಗಾಯನ, ಮೃದಂಗ, ಘಟ, ಖಂಜಿರ, ಮೋರ್ಸಿಂಗು, ಕೊನ್ನಕ್ಕೋಲು.

ಬುರ್ಖಾರ್ಡ್ ೨೦೧೮ರಲ್ಲಿ ತೀರಿಕೊಂಡರು. ಮೇಳವನ್ನು ಮಗಳು ಮಾರ್ಯಾ ವಹಿಸಿಕೊಂಡರು. ಮಾರಿಯಾನೋ ೨೦೦೯ರಲ್ಲಿ ಕಲೋನ್‌ನಲ್ಲಿ ಕಣ್ಮುಚ್ಚಿದರು. ಅವರೆಲ್ಲ ಕೂಡಿ ನುಡಿಸಿದ್ದು ಇಂದೂ ಕೇಳಸಿಗುತ್ತದೆ. ಜರ್ಮನಿಯ ಸಂಗ್ರಾಹಕರು ಬೆಂಗಳೂರಿನ ಈ ಮೇಳದ ಹೆಸರನ್ನು ಗುರುತಿಸುತ್ತಾರೆ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಆ ತಟ್ಟೆಗಳಿವೆ? ಹಿತ್ತಲ ಗಿಡದ ಮಾತು ನಮಗೂ ಸಲ್ಲುತ್ತದೆ.

ಹೊಸದಾಗಿ ಕೇಳುವವರಿಗೆ ಒಂದು ಸೂಚನೆ. 'ಜ್ಯೋತಿ'ಯಿಂದ ಆರಂಭಿಸಿ, ಕಿವಿಗೆ ಪರಿಚಿತವಾದ ತಾಳ ಕೈಹಿಡಿದು ನಡೆಸುತ್ತದೆ. ಅಲ್ಲಿಂದ 'ವಿ ಕೀಪ್ ಆನ್'ಗೆ ಹೋಗಿ. ಕೊನೆಗೆ 'ಔಟ್ ಆಫ್ ಫೋಕಸ್' ಮೇಳದ ದೀರ್ಘ ಕೃತಿ. ಪದಗಳ ಅರ್ಥಕ್ಕೆ ಕಾಯಬೇಡಿ. ಡ್ರಮ್ಮಿನ ನಡೆ ಎಷ್ಟು ಎಣಿಕೆಯದೆಂದು ತೊಡೆಯ ಮೇಲೆ ತಾಳ ಹಾಕಿ ನೋಡಿ. ಉಳಿದುದು ತಾನಾಗಿ ತಿಳಿಯುತ್ತಾ ಬರುತ್ತದೆ.

ಕಡೆಯ ಮಾತು ನಿಮ್ಮ ಮನೆಯ ಅಟ್ಟದ್ದು. ಧ್ವನಿಸುರುಳಿ ಎಂದರೆ ಪ್ಲಾಸ್ಟಿಕ್ ಪಟ್ಟಿಗೆ ಅಂಟಿಸಿದ ಕಬ್ಬಿಣದ ತುಕ್ಕಿನಂಥ ಪುಡಿ. ಅಂಟು ಸಡಿಲವಾದರೆ ನಾದವೂ ಉದುರಿಹೋಗುತ್ತದೆ. ತಾತನವರು ಮದುವೆಮನೆಯ ಕಛೇರಿಯನ್ನು ಹಿಡಿದಿಟ್ಟ ಸುರುಳಿಯೋ, ಅಜ್ಜಿ ಹೇಳಿದ ಸಂಪ್ರದಾಯದ ಹಾಡಿನ ಕ್ಯಾಸೆಟ್ಟೋ ಇದ್ದರೆ ಬಿಸಿಲು, ತೇವ ತಾಗದ ಕಡೆ ಇಡಿ. ಧ್ವನಿವರ್ಧಕದ ಅಯಸ್ಕಾಂತದ ಹತ್ತಿರ ಇಡಬೇಡಿ. ಮಳೆಗಾಲದ ಬೂಷ್ಟು ಹಿಡಿದಿದ್ದರೆ ಯಂತ್ರಕ್ಕೆ ಹಾಕದೆ ಬಲ್ಲವರಿಗೆ ತೋರಿಸಿ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿ. ಎಲ್ಲಕ್ಕಿಂತ ಮೊದಲು, ಹಾಡಿದವರು ಯಾರು, ಪಕ್ಕವಾದ್ಯ ಯಾರದು, ಯಾವ ಊರು, ಯಾವ ವರ್ಷ ಎಂಬುದನ್ನು, ತಿಳಿದವರು ಮನೆಯಲ್ಲಿ ಇರುವಾಗಲೇ ಕೇಳಿ, ಡಬ್ಬಿಯ ಮೇಲೆ ಬರೆದಿಡಿ. ಜರ್ಮನಿಯ ಆ ಸುರುಳಿಗಳನ್ನು ಹುಡುಕಿಕೊಂಡು ಹೋದವರು ಮೊದಲು ಓದಿದ್ದು ಡಬ್ಬಿಯ ಮೇಲಿನ ಬರಹವನ್ನೇ.