ನಿಮಗಿದು ಗೊತ್ತೇ? ಎಲೆಕ್ಟ್ರಾನ್ ಮೆಟ್ಟಿಲಿಳಿದರೆ ಬೆಳಕು!

ಜಲಜನಕದ ಪರಮಾಣುವಿನಲ್ಲಿರುವುದು ಒಂದು ಪ್ರೋಟಾನ್, ಒಂದು ಎಲೆಕ್ಟ್ರಾನ್. ಅಷ್ಟೇ! ಆ ಎಲೆಕ್ಟ್ರಾನ್ ಮೇಲಿನ ಶಕ್ತಿಮಟ್ಟದಿಂದ ಕೆಳಕ್ಕೆ ಇಳಿದಾಗ ಬೆಳಕಿನ ಕಣವೊಂದು ಹೊರಬೀಳುತ್ತದೆ. ಅದೇ ಫೋಟಾನ್. ಎಲ್ಲಕ್ಕಿಂತ ಸರಳವಾದ ಪರಮಾಣುವೂ ದೀಪ ಹಚ್ಚಬಲ್ಲದು!

ಈ ಶಕ್ತಿಮಟ್ಟಗಳು ಮೆಟ್ಟಿಲುಗಳಿದ್ದಂತೆ. ಎರಡು ಮೆಟ್ಟಿಲುಗಳ ನಡುವೆ ಎಲೆಕ್ಟ್ರಾನ್ ನೆಲೆಸಲು ಜಾಗವೇ ಇಲ್ಲ!

ಮೂರನೇ ಮೆಟ್ಟಿಲಿನಿಂದ ಎರಡಕ್ಕೆ ಇಳಿದರೆ ಕೆಂಪು ಬೆಳಕು. ನಾಲ್ಕರಿಂದ ಎರಡಕ್ಕೆ ಇಳಿದರೆ ಹಸಿರು ಬೆರೆತ ನೀಲಿ. ಐದರಿಂದ ಎರಡಕ್ಕೆ ಬಂದರೆ ನೇರಳೆ. ಎಲ್ಲಿಂದ ಇಳಿಯಿತೆಂದು ಬಣ್ಣವೇ ಹೇಳಿಬಿಡುತ್ತದೆ!

ಎರಡರಿಂದ ಒಂದಕ್ಕೆ ಇಳಿದರೆ? ಆ ಫೋಟಾನಿಗೆ ಕೆಂಪು ಫೋಟಾನಿಗಿಂತ ಐದು ಪಟ್ಟಿಗೂ ಹೆಚ್ಚು ಶಕ್ತಿ. ಆದರೆ ಅದು ನೇರಳಾತೀತ. ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ!

ಎರಡನೇ ಮೆಟ್ಟಿಲಿನಲ್ಲಿ ಎಲೆಕ್ಟ್ರಾನ್ ಸಾಮಾನ್ಯವಾಗಿ ನಿಲ್ಲುವುದು ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿದರೆ ಬರೀ 1.6 ಭಾಗದಷ್ಟು ಹೊತ್ತು. ಅದೇ ಮೆಟ್ಟಿಲಿನಲ್ಲಿ ಒಂದು ಮೂಲೆಯೂ ಇದೆ. ಅಲ್ಲಿ ಸಿಕ್ಕಿಕೊಂಡರೆ ಏಳು ಕೋಟಿ ಪಟ್ಟಿಗೂ ಹೆಚ್ಚು ಕಾಯಬೇಕು. ಕಾದದ್ದಕ್ಕೆ ಸಿಗುವುದು ಒಂದಲ್ಲ, ಎರಡು ಫೋಟಾನ್!

ಈ ಬಣ್ಣಗಳ ಲೆಕ್ಕದ ಸೂತ್ರ ಮೊದಲು ಹೊಳೆದದ್ದು ಒಬ್ಬ ಶಾಲಾ ಮೇಷ್ಟ್ರಿಗೆ! ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹೆಣ್ಣುಮಕ್ಕಳಿಗೆ ಗಣಿತ ಕಲಿಸುತ್ತಿದ್ದ ಯೋಹಾನ್ ಬಾಮರ್ ಅದನ್ನು ಪ್ರಕಟಿಸಿದ್ದು 1885ರಲ್ಲಿ. ಆಗ ಅವರಿಗೆ ಅರವತ್ತು!

ಸೂತ್ರ ಸರಿಯಿತ್ತು, ಕಾರಣ ಮಾತ್ರ ಯಾರಿಗೂ ತಿಳಿದಿರಲಿಲ್ಲ. 28 ವರ್ಷಗಳ ನಂತರ, 1913ರಲ್ಲಿ, ಭೌತವಿಜ್ಞಾನಿ ನೀಲ್ಸ್ ಬೋರ್ ಈ ಮೆಟ್ಟಿಲುಗಳ ಲೆಕ್ಕ ಬಿಡಿಸಿಟ್ಟರು!

ಪೂರ್ಣ ಸೂರ್ಯಗ್ರಹಣದಲ್ಲಿ ಚಂದ್ರನ ಅಂಚಿನಲ್ಲಿ ಕ್ಷಣಕಾಲ ಮಿನುಗುವ ಗುಲಾಬಿ ಗೆರೆ ನೋಡಿದ್ದೀರಾ? ಅದರಲ್ಲಿರುವುದು ಹೆಚ್ಚಾಗಿ ಇದೇ ಜಲಜನಕದ ಕೆಂಪು. ಕೊಡೈಕನಾಲ್ ವೀಕ್ಷಣಾಲಯ ಈ ಕೆಂಪು ಬೆಳಕಿನಲ್ಲೇ ಸೂರ್ಯನ ಚಿತ್ರ ತೆಗೆಯಲು ಶುರುಮಾಡಿ ನೂರು ವರ್ಷ ದಾಟಿದೆ!

ಅತಿ ಸಣ್ಣ ಮೆಟ್ಟಿಲೂ ಒಂದಿದೆ. ಎಲೆಕ್ಟ್ರಾನಿನ ‘ಸ್ಪಿನ್’ ಎಂಬ ಬುಗುರಿಯಂಥ ಗುಣ ಮಗುಚಿದರೆ 21 ಸೆಂಟಿಮೀಟರ್ ಉದ್ದದ ರೇಡಿಯೊ ಅಲೆ ಹೊರಡುತ್ತದೆ. ಆದರೆ ಒಂದು ಪರಮಾಣು ತಾನಾಗಿ ಹೀಗೆ ಮಗುಚಲು ಸರಾಸರಿ ಒಂದು ಕೋಟಿ ವರ್ಷಕ್ಕೂ ಹೆಚ್ಚು ಬೇಕು! ಹಾಗಿದ್ದರೂ ನಮಗೆ ಆ ಅಲೆ ಸಿಗುತ್ತದೆ. ಆಕಾಶದಲ್ಲಿ ಜಲಜನಕ ಅಷ್ಟೊಂದಿದೆ!

1951ರಲ್ಲಿ ಆಕಾಶದ ಈ ಅಲೆಯನ್ನು ಮೊದಲು ಹಿಡಿದದ್ದು ಹಾರ್ವರ್ಡ್‌ನ ಪ್ರಯೋಗಾಲಯದ ಕಿಟಕಿಯಾಚೆ ಚಾಚಿದ್ದ ಒಂದು ಆಂಟೆನಾ. ಅದರ ಅಗಲ ಬಾಯೊಳಗೆ ವಿದ್ಯಾರ್ಥಿಗಳು ಹಿಮದ ಉಂಡೆ ಎಸೆಯುತ್ತಿದ್ದರಂತೆ!

1972ರಲ್ಲಿ ಹಾರಿದ ಪಯೊನೀರ್ 10 ನೌಕೆಯ ಫಲಕದಲ್ಲೂ ಈ ಜಲಜನಕದ ಚಿತ್ರವಿದೆ. ಬೇರೆ ಲೋಕದವರು ಯಾರಾದರೂ ಕಂಡರೆ ಈ 21 ಸೆಂಟಿಮೀಟರ್ ಅಲೆಯೇ ನಮ್ಮ ಅಳತೆಗೋಲೆಂದು ತಿಳಿಯಲಿ ಅಂತ!

ಕೊನೆಯದು ನಮ್ಮ ಬೆಂಗಳೂರಿನ ಸುದ್ದಿ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪುಣೆ ಬಳಿಯ ದೈತ್ಯ ರೇಡಿಯೊ ದೂರದರ್ಶಕದಿಂದ ಇದೇ ಅಲೆಯನ್ನು ಬಲು ದೂರದ ಗ್ಯಾಲಕ್ಸಿಯೊಂದರಿಂದ ಹಿಡಿದರು. ಸುದ್ದಿ ಹೊರಬಿದ್ದದ್ದು 2023ರಲ್ಲಿ. 21 ಸೆಂಟಿಮೀಟರ್ ಅಲೆ ಇಲ್ಲಿಗೆ ಬರುವಷ್ಟರಲ್ಲಿ 48 ಸೆಂಟಿಮೀಟರ್‌ಗೆ ಹಿಗ್ಗಿತ್ತು! ಅದರ ಪ್ರಯಾಣ ಸುಮಾರು 880 ಕೋಟಿ ವರ್ಷ. ಅದು ಹೊರಟಾಗ ನಮ್ಮ ಭೂಮಿ ಇನ್ನೂ ಹುಟ್ಟಿರಲೇ ಇಲ್ಲ!