ಗಂಧಕ ತಿಂದು ಆಮ್ಲ ಮಾಡುವ ಜೀವಿ: ನಮ್ಮ ಎರೆಭೂಮಿಗೆ ಎಷ್ಟು ಉಪಯೋಗ?

ಆಲಮೇಲ ಭಾಗದ ಎರೆಭೂಮಿಯಲ್ಲಿ ನಿಂಬೆ, ಕಬ್ಬಿನ ಎಳೆ ಎಲೆ ಹಳದಿಯಾದರೆ ಮಣ್ಣಿನಲ್ಲಿ ಕಬ್ಬಿಣ ಇಲ್ಲ ಅಂತಲ್ಲ. ಎಷ್ಟೋ ಸಲ ಇರುತ್ತದೆ, ಸುಣ್ಣ ಜಾಸ್ತಿಯಾಗಿ ಬೇರಿಗೆ ದಕ್ಕುವುದಿಲ್ಲ. ‘ಮಣ್ಣು ಹುಳಿ ಮಾಡೋ ಬ್ಯಾಕ್ಟೀರಿಯಾ ಬಾಟ್ಲಿ ಹಾಕ್ರಿ, ಸರಿಹೋಗ್ತದ’ ಎಂದು ಯಾರಾದರೂ ಹೇಳಿದರೆ, ರೊಕ್ಕ ಬಿಚ್ಚುವ ಮೊದಲು ಈ ಜೀವಿಯ ಗುಣ ತಿಳಿದಿರಲಿ.

ಗಂಧಕ ತಿಂದು ಗಂಧಕಾಮ್ಲ ಮಾಡುವ ಈ ಜೀವಿಯನ್ನು 1922ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ವಾಕ್ಸ್‌ಮನ್ ಮತ್ತು ಜೋಫಿ ಗುರುತಿಸಿದರು. ಈಗಿನ ಹೆಸರು ಅಸಿಡಿಥಯೋಬ್ಯಾಸಿಲಸ್ ಥಯೋಆಕ್ಸಿಡಾನ್ಸ್. ಕಬ್ಬಿಣದಿಂದಲೂ ಬದುಕುವ ಇದರ ದಾಯಾದಿ ಫೆರೋಆಕ್ಸಿಡಾನ್ಸ್. ಅದಿರಿನಿಂದ ಲೋಹ ಬಿಡಿಸಲು ಅದನ್ನು ಬಳಸುವ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ. ಎ. ನಟರಾಜನ್ ಸಂಶೋಧನೆ ಮಾಡಿದ್ದಾರೆ.

ಈ ದಾಯಾದಿಯ ವಂಶವಾಹಿಗಳ ಪೂರ್ಣ ಪಟ್ಟಿ 2008ರಲ್ಲಿ ಪ್ರಕಟವಾಯಿತು. ಸುಮಾರು 30 ಲಕ್ಷ ಅಕ್ಷರ, ಮೂರು ಸಾವಿರಕ್ಕೂ ಮಿಕ್ಕಿ ಜೀನ್. ಕೆಲವು ಜೀನ್ ಕಬ್ಬಿಣ, ಗಂಧಕದಿಂದ ಶಕ್ತಿ ಹೀರುತ್ತವೆ. ಕೆಲವು ಒಳಗೆ ನುಗ್ಗಿದ ಆಮ್ಲವನ್ನು ಪಂಪಿನ ಹಾಗೆ ಹೊರಗೆ ಎತ್ತಿಹಾಕುತ್ತವೆ. ಹೊರಗೆ ಪಿಎಚ್ 2 ಇದ್ದರೂ ಒಳಗೆ 6.5ರ ಆಸುಪಾಸು! ಹುಳಿಯಲ್ಲೇ ಬಾಳಲು ಹುಟ್ಟಿದ ಜೀವಿ ಪಿಎಚ್ 8.5ರ ನಮ್ಮ ಮಣ್ಣಿನಲ್ಲಿ ಮೈಕೊಡವಿ ಏಳುವುದು ಕಷ್ಟ. ಅಲ್ಲಿ ಕೆಲಸ ಶುರು ಮಾಡುವವು ಮಣ್ಣಿನಲ್ಲಿ ಮೊದಲೇ ಇರುವ ಬೇರೆ ಗಂಧಕಜೀವಿಗಳು. ಅವುಗಳಿಗೆ ಬೇಕಾದದ್ದು ಗಂಧಕದ ಪುಡಿ, ಹದವಾದ ಹಸಿ, ಗಾಳಿ. ನೀರು ನಿಂತ ಜವುಳು ಹೊಲದಲ್ಲಿ ಕೆಲಸ ನಡೆಯದು.

ಇನ್ನು ಲೆಕ್ಕ. ಒಂದು ಕಿಲೋ ಗಂಧಕದಿಂದ ಸುಮಾರು ಮೂರು ಕಿಲೋ ಆಮ್ಲ. ಅದು ಕರಗಿಸುವುದೂ ಸುಮಾರು ಮೂರು ಕಿಲೋ ಸುಣ್ಣ. ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು ಒಂಬತ್ತು ಲಕ್ಷ ಕಿಲೋ. ಸುಣ್ಣ ನೂರಕ್ಕೆ ಐದು ಇದ್ದರೂ 45 ಸಾವಿರ ಕಿಲೋ ಆಯಿತು. ಅದಕ್ಕೆ ಗಂಧಕ 14 ಟನ್ನಿಗೂ ಹೆಚ್ಚು! ಇಡೀ ಹೊಲ ಹುಳಿ ಮಾಡುವ ಆಸೆ ಬಿಡಿ.

ಹಾಗಾದರೆ ಏನು ಮಾಡಬೇಕು? ಸಗಣಿ ಗೊಬ್ಬರದೊಂದಿಗೆ ಗಂಧಕವನ್ನು ಬೇರಿನ ವಲಯದಲ್ಲಿ ಪಟ್ಟಿಯಾಗಿ ಕೊಡಿ. ಅಷ್ಟು ಜಾಗ ಹುಳಿಯಾದರೂ ಬೇರಿಗೆ ಕಬ್ಬಿಣ, ಸತುವು ಸಿಗುತ್ತದೆ. ಇದಕ್ಕೆ ವಾರಗಟ್ಟಲೆ ಸಮಯ ಬೇಕು. ತುರ್ತಿಗೆ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಿಂಪಡಿಸಬಹುದು.

ಸವಳು ಭೂಮಿಯಲ್ಲಿ ಮಾತು ಬೇರೆ. ಅಲ್ಲಿ ಆಮ್ಲ ಸುಣ್ಣದೊಡನೆ ಸೇರಿ ಜಿಪ್ಸಂ ಆಗುತ್ತದೆ, ಅದರ ಕ್ಯಾಲ್ಸಿಯಂ ಸೋಡಿಯಂ ಅನ್ನು ಕಿತ್ತುಹಾಕುತ್ತದೆ. ಆದರೆ ಕಿತ್ತ ಸೋಡಿಯಂ ಹೊರಗೆ ಹೋಗಲು ಬಸಿಗಾಲುವೆ ಬೇಕು. ಅದಿಲ್ಲದೆ ಗಂಧಕ ಹಾಕಿದರೆ ರೊಕ್ಕ ಹೋಗ್ತದ, ಸವಳು ಉಳೀತದ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಪಿಎಚ್ ಜೊತೆ ಸುಣ್ಣದ ಪ್ರಮಾಣವನ್ನೂ ಕೇಳಿ ಬರೆಸಿಕೊಳ್ಳಿ.