ಅಲ್ಲಾಡಲಿ ಬಿಡಿ: ಚೆನ್ನೈನಲ್ಲಿ ಪುಟ್ಟ ಮಕ್ಕಳೊಂದಿಗೆ ಮನೆಮಂದಿಯ ಫೋಟೊ

ಚೆನ್ನೈನ ಕಡಲ ದಂಡೆಯಲ್ಲಿ ಮನೆಮಂದಿಯ ಫೋಟೊ ತೆಗೆಸಬೇಕೆಂದಿದ್ದರೆ ಮಲ್ಪೆ, ಪಣಂಬೂರು, ಕಾರವಾರಗಳ ಅಭ್ಯಾಸವನ್ನು ಮೊದಲು ಬಿಡಬೇಕು. ಅಲ್ಲಿ ಸಂಜೆಯ ಸೂರ್ಯ ನೀರಿಗೆ ಇಳಿಯುತ್ತಾನೆ, ಮುಖಗಳ ಮೇಲೆ ಹೊನ್ನಿನ ಬೆಳಕು ಬೀಳುತ್ತದೆ. ಇಲ್ಲಿ ಕಡಲು ಇರುವುದು ಪೂರ್ವಕ್ಕೆ. ಸಂಜೆಯಾದರೆ ಸೂರ್ಯ ಊರಿನ ಕಟ್ಟಡಗಳ ಹಿಂದೆ ಸರಿದು, ದಂಡೆಯಲ್ಲಿ ಮಂಕು ಬೆಳಕು ಮತ್ತು ಜನಜಂಗುಳಿ ಮಾತ್ರ ಉಳಿಯುತ್ತವೆ. ಹಾಗಾಗಿ ಚೆನ್ನೈನಲ್ಲಿ ಕಡಲಿನ ಫೋಟೊ ಎಂದರೆ ಬೆಳಗಿನ ಫೋಟೊ.

ಅದೂ ಬೆಳಗಿನ ಮೊದಲ ಒಂದು ಗಂಟೆ. ಜನವರಿಯ ಕೊನೆಯಲ್ಲಿ ಇಲ್ಲಿ ಸೂರ್ಯೋದಯ 6.35ರ ಆಸುಪಾಸು, ಜೂನ್ ಮೊದಲಲ್ಲಿ 5.42ರ ಆಸುಪಾಸು. ಚೆನ್ನೈ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಮೇಲೇರುವುದರಿಂದ ಮೃದುವಾದ ಬೆಳಕು ಬೇಗ ಮುಗಿದುಹೋಗುತ್ತದೆ. ಯುರೋಪಿನ ಫೋಟೊಗ್ರಾಫರುಗಳು ಹೇಳುವ ಉದ್ದನೆಯ ‘ಗೋಲ್ಡನ್ ಅವರ್’ ನಮ್ಮ ಪಾಲಿಗಿಲ್ಲ. ಏಳೂಮುಕ್ಕಾಲು, ಎಂಟರ ಹೊತ್ತಿಗೆ ಕಣ್ಣಿನ ಕೆಳಗೆ ಗಾಢ ನೆರಳು ಕೂರುತ್ತದೆ, ಮಕ್ಕಳು ಕಣ್ಣು ಕಿರಿದು ಮಾಡುತ್ತಾರೆ, ಬೆವರು ಶುರುವಾಗುತ್ತದೆ. ಸಣ್ಣ ಮಕ್ಕಳು ಹೇಗೂ ಬೇಗ ಏಳುವವರು. ಆ ಹೊತ್ತಿಗೆ ಅವರಿಗಿರುವ ಉತ್ಸಾಹ ಸಂಜೆ ಆರಕ್ಕೆ ಇರುವುದಿಲ್ಲ.

ತಿಂಗಳುಗಳಲ್ಲಿ ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗಿನದು ಒಳ್ಳೆಯ ಕಾಲ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಹಿಂಗಾರು ಮಳೆ, ಮೇ ತಿಂಗಳಲ್ಲಿ ‘ಕತ್ತರಿ’ ಬಿಸಿಲು. ಪೊಂಗಲ್ ಹಬ್ಬದ ಕೊನೆಯ ದಿನವಾದ ಕಾಣುಂ ಪೊಂಗಲ್‌ನಂದು ಇಡೀ ಊರೇ ಮರೀನಾ ಬೀಚಿಗೆ ಬರುತ್ತದೆ. ಅಂದು ಆ ಕಡೆ ಹೋಗದಿರುವುದೇ ಮೇಲು.

ಇನ್ನು ಮಕ್ಕಳ ವಿಷಯ. ‘ಅಲ್ಲಾಡಬೇಡ, ಇಲ್ಲಿ ನೋಡು, ನಗು’ ಎಂಬ ಮೂರು ಅಪ್ಪಣೆಗಳು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿವೆ. ಮೊದಲನೆಯದಕ್ಕೆ ಒಂದು ಕಾಲದಲ್ಲಿ ಕಾರಣವಿತ್ತು. 1854ರಲ್ಲಿ ಬೇಲೂರು–ಹಳೇಬೀಡುಗಳ ಚಿತ್ರ ತೆಗೆದ ಲಿನ್ನಿಯಸ್ ಟ್ರೈಪ್ 1856ರಲ್ಲಿ ಮದ್ರಾಸ್ ಸರ್ಕಾರದ ಅಧಿಕೃತ ಛಾಯಾಗ್ರಾಹಕನಾದ. ಆಗಿನ ಕ್ಯಾಮೆರಾಗಳಲ್ಲಿ ಒಂದು ಚಿತ್ರ ಮೂಡಲು ಹಲವು ಸೆಕೆಂಡುಗಳಿಂದ ನಿಮಿಷಗಳವರೆಗೆ ಬೆಳಕು ಬೇಕಾಗುತ್ತಿತ್ತು. ಕಲ್ಲಿನ ಗೋಡೆಗೆ ಅದರಿಂದ ತೊಂದರೆಯಿಲ್ಲ. ಎರಡು ವರ್ಷದ ಮಗುವಿಗೆ ಅದು ಶಿಕ್ಷೆ. ಇವತ್ತು ಬೆಳಗಿನ ಬೆಳಕಿನಲ್ಲಿ ಸಾಧಾರಣ ಕ್ಯಾಮೆರಾ ಕೂಡ ಒಂದು ಸೆಕೆಂಡಿನ 500ನೇ ಒಂದು ಭಾಗದಲ್ಲಿ ಚಿತ್ರ ಹಿಡಿಯುತ್ತದೆ. ಓಡುವ ಮಗುವಿನ ಹಾರುವ ಕೂದಲೂ ಸ್ಪಷ್ಟವಾಗಿ ಬರುತ್ತದೆ. ಕಾರಣ ಹೋಗಿ ನೂರು ವರ್ಷವಾದರೂ ಅಪ್ಪಣೆ ಮಾತ್ರ ಉಳಿದುಕೊಂಡಿದೆ. ಅದನ್ನು ಕೈಬಿಟ್ಟ ದಿನವೇ ಫೋಟೊ ತೆಗೆಸುವ ಕೆಲಸ ಅರ್ಧ ಹಗುರವಾಗುತ್ತದೆ.

ನಿಲ್ಲಿಸುವ ಬದಲು ಮಕ್ಕಳಿಗೆ ಏನಾದರೂ ಮಾಡಲು ಕೊಡಿ. ಅಲೆ ಬಂದಾಗ ಹಿಂದಕ್ಕೆ ಓಡುವುದು, ಅಜ್ಜನ ಹೆಜ್ಜೆಗುರುತಿನ ಮೇಲೆ ಹೆಜ್ಜೆ ಇಡುವುದು, ಅಮ್ಮನ ಕಿವಿಯಲ್ಲಿ ಗುಟ್ಟು ಹೇಳುವುದು, ಚಿಪ್ಪು ಆರಿಸಿ ಅಪ್ಪನ ಜೇಬಿಗೆ ತುಂಬುವುದು. ಗುಟ್ಟಿನ ಆಟದಲ್ಲಿ ಮುಖಗಳು ತಾವಾಗಿ ಹತ್ತಿರ ಬರುತ್ತವೆ. ನಗು ಎಂದು ಹೇಳಿಸಿಕೊಂಡ ಮಗು ಹಲ್ಲು ತೋರಿಸುತ್ತದೆ ಅಷ್ಟೆ. ಗುಟ್ಟು ಕೇಳಿದ ಅಮ್ಮ ನಕ್ಕರೆ ಮಗುವೂ ಮನಸಾರೆ ನಗುತ್ತದೆ. ಅಜ್ಜಿಗೆ ನೆಟ್ಟಗೆ ನಿಂತ ಒಂದು ಫೋಟೊ ಬೇಕೇ ಬೇಕೆಂದಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಐದು ನಿಮಿಷದಲ್ಲಿ ಮುಗಿಸಿಬಿಡಿ. ಹಿರಿಯರಿಗೆ ಒಂದು ಮಡಿಸುವ ಕುರ್ಚಿ ಒಯ್ಯಿರಿ. ಅವರು ಕೂತರೆ ಮಕ್ಕಳು ಬಂದು ಮಡಿಲಿಗೆ ಒರಗುತ್ತಾರೆ, ಎಲ್ಲರ ತಲೆಗಳೂ ಹತ್ತಿರಕ್ಕೆ ಬರುತ್ತವೆ.

ಫೋಟೊಗ್ರಾಫರ್ ಹೊಸಬರಾದರೆ ಮೊದಲ ಹತ್ತು ನಿಮಿಷ ಕ್ಯಾಮೆರಾ ಚೀಲದಲ್ಲೇ ಇರಲಿ. ಅವರು ಮಗುವಿನ ಎತ್ತರಕ್ಕೆ ಮಂಡಿಯೂರಿ ಒಂದಿಷ್ಟು ಮರಳು ಅಗೆಯಲಿ. ಚೆನ್ನೈನ ಫೋಟೊಗ್ರಾಫರ್ ಅಭ್ಯಾಸಬಲದಿಂದ ತಮಿಳಿನಲ್ಲಿ ‘ಇಂಗ ಪಾರು’ (ಇಲ್ಲಿ ನೋಡು) ಎನ್ನುತ್ತಾರೆ. ಮನೆಯಲ್ಲಿ ಕನ್ನಡ ಮಾತ್ರ ಕೇಳಿ ಬೆಳೆದ, ಇನ್ನೂ ಶಾಲೆ ಸೇರದ ಮಗು ಗಲಿಬಿಲಿಗೊಳ್ಳಬಹುದು. ಮಗುವನ್ನು ಮನೆಯಲ್ಲಿ ಕರೆಯುವ ಹೆಸರು, ‘ಬಾ’, ‘ಓಡು’, ಇಷ್ಟನ್ನು ಅವರಿಗೆ ಮುಂಚೆಯೇ ಹೇಳಿಕೊಡಿ. ಮಾತುಗಳು ಕೆಲವೇ, ಪರಿಣಾಮ ದೊಡ್ಡದು.

ಬಟ್ಟೆಯ ವಿಷಯದಲ್ಲಿ ನನ್ನದು ಒಂದೇ ಹಟ: ಅಂದು ಯಾವುದೂ ಹೊಸದಾಗಿರಬಾರದು. ಹೊಸ ರೇಷ್ಮೆ ಲಂಗದ ಜರಿ ಚುಚ್ಚುತ್ತದೆ, ಹೊಸ ಚಪ್ಪಲಿ ಕಚ್ಚುತ್ತದೆ. ಒಮ್ಮೆ ಒಗೆದು ಉಟ್ಟ ಹತ್ತಿಯ ಬಟ್ಟೆಯೇ ಸಾಕು. ಎಲ್ಲರೂ ಒಂದೇ ಬಣ್ಣ ತೊಡುವ ಅಗತ್ಯವಿಲ್ಲ, ಒಂದಕ್ಕೊಂದು ಜಗಳವಾಡದ ಮೂರು ಬಣ್ಣ ಇದ್ದರಾಯಿತು. ಬೂದು ಬಣ್ಣದಲ್ಲಿ ಬೆವರಿನ ಕಲೆ ಎದ್ದು ಕಾಣುತ್ತದೆ, ಸಣ್ಣ ಪಟ್ಟೆಗಳು ಚಿತ್ರದಲ್ಲಿ ನಡುಗುವಂತೆ ಕಾಣುತ್ತವೆ. ತಿನ್ನಲು ಬಾಳೆಹಣ್ಣು, ಮಂಡಕ್ಕಿ ಒಯ್ಯಿರಿ, ಚಾಕೊಲೇಟ್ ಬೇಡ. ಹಸಿದ ಮಗುವಿನ ಮುಂದೆ ಯಾವ ಉಪಾಯವೂ ನಡೆಯದು.

ಕ್ಯಾಮೆರಾದ ಬಗ್ಗೆ ಚೆನ್ನೈಗೇ ಸೇರಿದ ಒಂದು ಮಾತಿದೆ. ಎ.ಸಿ. ಕಾರಿನಿಂದ ಇಳಿದ ತಕ್ಷಣ ತಣ್ಣಗಿನ ಲೆನ್ಸ್ ಮೇಲೆ ಇಲ್ಲಿನ ತೇವದ ಗಾಳಿ ಮಂಜಾಗಿ ಕೂರುತ್ತದೆ. ಅದನ್ನು ಒರೆಸಿದರೂ ಮತ್ತೆ ಬರುತ್ತದೆ. ದಾರಿಯ ಕೊನೆಯ ಹದಿನೈದು–ಇಪ್ಪತ್ತು ನಿಮಿಷ ಎ.ಸಿ. ನಿಲ್ಲಿಸಿ, ಕಿಟಕಿ ಇಳಿಸಿ, ಚೀಲ ತೆರೆದಿಡಿ. ಮೊಬೈಲ್‌ನಲ್ಲೇ ತೆಗೆಯುವವರು ಮುಖಕ್ಕೆ ತೀರಾ ಹತ್ತಿರ ಹೋಗಬೇಡಿ, ಮೂಗು ದೊಡ್ಡದಾಗುತ್ತದೆ. ಎರಡು ಮೀಟರ್ ದೂರ ನಿಂತು 2ಎಕ್ಸ್ ಒತ್ತಿ. ಮನೆಯವರು ಕಡಲಿಗೆ ಬೆನ್ನು ಮಾಡಿದ್ದರೆ ಪರದೆಯ ಮೇಲೆ ಮುಖವನ್ನು ಮುಟ್ಟಿ ಬೆಳಕು ಹೊಂದಿಸಿ. ಮರಳಿನಿಂದ ಪ್ರತಿಫಲಿಸುವ ಬೆಳಕು ಮುಖದ ನೆರಳನ್ನು ಅಷ್ಟಿಷ್ಟು ತುಂಬಿಕೊಡುತ್ತದೆ.

ಕಡಲಿನ ಅಪಾಯವನ್ನು ಮಾತ್ರ ಹಗುರವಾಗಿ ಎಣಿಸಬೇಡಿ. ಬೆಸೆಂಟ್ ನಗರದ ಎಲಿಯಟ್ಸ್ ಬೀಚಿನಲ್ಲಿ ನಿಂತಿರುವ ಬಿಳಿ ಕಮಾನಿನ ಷ್ಮಿಟ್ ಸ್ಮಾರಕ, ಎಲ್ಲರೂ ಅದರ ಮುಂದೆ ಫೋಟೊ ತೆಗೆಸಿಕೊಳ್ಳುವ ಕಟ್ಟಡ, 1930ರಲ್ಲಿ ಇದೇ ನೀರಿನಲ್ಲಿ ಮುಳುಗುತ್ತಿದ್ದವರನ್ನು ಉಳಿಸಲು ಹೋಗಿ ಪ್ರಾಣ ಕಳೆದುಕೊಂಡ ಡೆನ್ಮಾರ್ಕಿನ ವ್ಯಕ್ತಿಯದು. ಈ ತೀರದ ಒಳಸೆಳೆತ ಬಲವಾದದ್ದು. ಫೋಟೊದಲ್ಲಿ ಇರದ, ಮೊಬೈಲ್ ಹಿಡಿಯದ ಒಬ್ಬ ದೊಡ್ಡವರು ಮಕ್ಕಳ ಮತ್ತು ನೀರಿನ ನಡುವೆಯೇ ನಿಲ್ಲಬೇಕು. ಫೋಟೊಗ್ರಾಫರ್ ನೋಡಿಕೊಳ್ಳುತ್ತಾರೆ ಎಂದುಕೊಳ್ಳಬೇಡಿ. ಅವರ ಕಣ್ಣು ಲೆನ್ಸಿನೊಳಗಿರುತ್ತದೆ.

ಕಡಲು ಬೇಡವೆಂದರೆ ಕ್ಯಾಥೆಡ್ರಲ್ ರಸ್ತೆಯ ಸೆಮ್ಮೊಳಿ ಪೂಂಗಾ ಇದೆ. 2010ರಲ್ಲಿ ತೆರೆದ ಈ ಉದ್ಯಾನ ಇರುವುದು ದಕ್ಷಿಣ ಕನ್ನಡದಿಂದ ಬಂದ ಕೃಷ್ಣರಾಯರು 1962ರಲ್ಲಿ ಆರಂಭಿಸಿದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲ್ ಇದ್ದ ಜಾಗದಲ್ಲಿ. ಹಳೆಯ ಚೆನ್ನೈ ಕನ್ನಡ ಕುಟುಂಬಗಳ ಅಜ್ಜಂದಿರಿಗೆ ಅಲ್ಲಿ ಮೊಮ್ಮಕ್ಕಳಿಗೆ ಹೇಳಲು ಕತೆಗಳಿರುತ್ತವೆ. ಕತೆ ಹೇಳುತ್ತಿರುವ ಅಜ್ಜನ ಮುಖವೇ ಒಳ್ಳೆಯ ಚಿತ್ರ. ಹುಲ್ಲಿನ ಮೇಲೆ ಕೂರಿಸಿದರೆ ಮುಖಕ್ಕೆ ಹಸಿರು ಛಾಯೆ ಹತ್ತುತ್ತದೆ, ಅಡಿಗೆ ಬಿಳಿ ಪಂಚೆ ಹಾಸಿ. ಮುಟ್ಟುಕಾಡಿನ ದಕ್ಷಿಣಚಿತ್ರ ವಸ್ತುಸಂಗ್ರಹಾಲಯದಲ್ಲಿ ಇಳಕಲ್ ನೇಕಾರರ ಮನೆಯನ್ನೇ ತಂದು ನಿಲ್ಲಿಸಿದ್ದಾರೆ. ಅದು ತಡವಾಗಿ ತೆರೆಯುವುದರಿಂದ ಹೊರಗಿನ ಬೆಳಕು ಕಟುವಾಗಿರುತ್ತದೆ, ಆದರೆ ಹಳೆಯ ಮನೆಗಳ ಜಗಲಿಯ ನೆರಳು ಮಧ್ಯಾಹ್ನವೂ ತಂಪು. ಮಂಗಳವಾರ ರಜೆ. ಎಲ್ಲಿಗೇ ಹೋದರೂ ಕ್ಯಾಮೆರಾ ಶುಲ್ಕ, ಅನುಮತಿಗಳನ್ನು ಹಿಂದಿನ ದಿನವೇ ವಿಚಾರಿಸಿ. ಮಳೆ ಬಂದರೆ ಮನೆಯೇ ಸಾಕು. ಟ್ಯೂಬ್‌ಲೈಟ್ ಆರಿಸಿ, ಕಿಟಕಿಯ ಪಕ್ಕ ಕೂತು ಮಕ್ಕಳಿಗೆ ಪುಸ್ತಕ ಓದಿ ಹೇಳಿ.

ಒಟ್ಟು ನಲವತ್ತೈದು ನಿಮಿಷ ಮೀರದಿರಲಿ. ಮಗು ಇನ್ನೂ ಆಡಬೇಕೆನ್ನುವಾಗಲೇ ನಿಲ್ಲಿಸಿ. ಫೋಟೊಗ್ರಾಫರ್ ಮಕ್ಕಳ ಚಿತ್ರಗಳನ್ನು ಜಾಹೀರಾತಿಗೆ, ಇನ್‌ಸ್ಟಾಗ್ರಾಮ್‌ಗೆ ಬಳಸಬಹುದೇ ಎಂಬುದು ಹಣ ಕೊಡುವ ಮುಂಚೆಯೇ ಬರಹದಲ್ಲಿ ತೀರ್ಮಾನವಾಗಲಿ. ಆರಿಸಿದ ನಾಲ್ಕೈದನ್ನಾದರೂ ಪ್ರಿಂಟ್ ಹಾಕಿಸಿ. ಇಲ್ಲಿನ ತೇವಕ್ಕೆ ಫೋಟೊ ಗಾಜಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಚೌಕಟ್ಟು ಹಾಕಿಸುವಾಗ ಫೋಟೊಗೂ ಗಾಜಿಗೂ ನಡುವೆ ರಟ್ಟಿನ ಮೌಂಟ್ ಇಡಲು ಹೇಳಿ, ಹೊರಗೋಡೆಯ ಮೇಲೆ ತೂಗುಹಾಕಬೇಡಿ.